ಬದಾಮ್‌ಗೆ ಶುಗರ್

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಸೊಸೆ ಶಾಹಿನಾಳಿಗೆ ಮಾಮಿಯ ಸಲಾಂ.

ನೀನೂ ಮಗುವೂ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ. ಕೈಯಲ್ಲಿ ಫೋನ್ ಇರುವಾಗ ಈ ಮುದುಕಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನಗಬೇಡ. ವಾಯ್ಸ್ ಕಳಿಸಿದರೆ ನಿನ್ನ ಉಮ್ಮ ಅದನ್ನು ಸ್ಪೀಕರಿಗೆ ಹಾಕುತ್ತಾರೆ, ಆಮೇಲೆ ಇಡೀ ಉಳ್ಳಾಲಕ್ಕೆ ಸುದ್ದಿ. ಮೇಲಿನ ಫ್ಲಾಟಿನ ಮುಹಿಯುದ್ದೀನ್ ನಾಳೆ ಬೆಳಗ್ಗಿನ ವಿಮಾನದಲ್ಲಿ ಮಂಗಳೂರಿಗೆ ಹೋಗುತ್ತಿದ್ದಾರೆ. ನಿನ್ನ ಕೈಗೇ ಕೊಡಬೇಕು ಎಂದು ಎರಡೆರಡು ಸಲ ಹೇಳಿದ್ದೇನೆ.

ಬಾಣಂತಿಗೆ ಇಂಥದ್ದೆಲ್ಲ ತಿಳಿಸಬಾರದು ಎಂದು ಶಮೀರ್ ನನ್ನ ಬಾಯಿ ಕಟ್ಟಿಹಾಕಿದ್ದಾನೆ. ಇಷ್ಟು ದಿನ ಸುಮ್ಮನಿದ್ದೆ, ಇನ್ನು ಆಗುವುದಿಲ್ಲ. ನಿನ್ನ ಬದಾಮ್‌ಗೆ ಹುಷಾರಿಲ್ಲ. ಮಿಸ್ಕ್ ಗಟ್ಟಿಮುಟ್ಟಾಗಿದ್ದಾಳೆ, ನನ್ನ ಕಾಲುಚೀಲ ಕದ್ದು ಸೋಫಾದಡಿ ಬಚ್ಚಿಡುವ ಕೆಲಸ ಬಿಟ್ಟಿಲ್ಲ. ಬದಾಮ್ ಮಾತ್ರ ತನ್ನ ಜೋಲಿಯಿಂದ ಇಳಿಯುವುದೇ ಇಲ್ಲ. ವಿಡಿಯೋ ಕಾಲಿನಲ್ಲಿ ನಿದ್ದೆ ಮಾಡುತ್ತಿದ್ದಾನೆ ಎಂದು ತೋರಿಸಿದೆನಲ್ಲ, ಅದು ನಿದ್ದೆಯಲ್ಲ, ನಿತ್ರಾಣ.

ಇವನ್ನು ಮೊದಲ ಸಲ ನೋಡಿ ನಾನು ಮುಂಗುಸಿ ಎಂದಾಗ ನೀನು ಮುಖ ಊದಿಸಿಕೊಂಡು, ಫೆರೆಟ್ ಮಾಮಿ, ಫೆರೆಟ್ ಎಂದು ನನ್ನಿಂದ ನಾಲ್ಕು ಸಲ ಹೇಳಿಸಿದ್ದೆ. ಮಕ್ಕಳಿಲ್ಲದ ಆ ಐದು ವರ್ಷ ನೀನು ಇವೆರಡನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದುದು ನನಗೆ ಹಿಡಿಸುತ್ತಿರಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಹೆರಿಗೆಗೆ ಊರಿಗೆ ಹೊರಟ ದಿನ ನೀನು ಬದಾಮ್‌ನನ್ನು ನನ್ನ ಕೈಗಿಟ್ಟು, ಬರುವವರೆಗೆ ನೋಡಿಕೊಳ್ಳಿ ಎಂದೆ. ನಾನು ಹೂಂ ಎಂದಿದ್ದೆ.

ಹೋದ ವಾರ ಅವನ ಹಿಂಗಾಲು ಎಳೆಯತೊಡಗಿತು. ಶಮೀರ್ ಡಾಕ್ಟರಿಗೆ ತೋರಿಸಿಕೊಂಡು ಬಂದು, ಬಾಗಿಲಲ್ಲೇ ನನ್ನ ಕೈಗೆ ಕೊಟ್ಟು ಆಫೀಸಿಗೆ ಓಡಿದ. ಕಾರಿನಿಂದ ಫೋನ್ ಮಾಡಿ, ಅವನಿಗೆ ಶುಗರ್ ಪ್ರಾಬ್ಲಮ್ ಉಮ್ಮಾ, ಸಿಹಿ ಮುಟ್ಟಿಸಬೇಡಿ, ಊಟ ಸ್ವಲ್ಪ ಸ್ವಲ್ಪ ಕೊಡಿ ಎಂದ. ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಶುಗರ್ ಇರುವವಳಿಗೆ ಇದಕ್ಕಿಂತ ಹೆಚ್ಚು ಯಾರು ಹೇಳಬೇಕು?

ನೀನು ಯಾವಾಗಲೂ ತುಂಬಿಡುತ್ತಿದ್ದ ಬಟ್ಟಲನ್ನು ಎತ್ತಿ ಕಪಾಟಿನ ಮೇಲಿಟ್ಟೆ. ಬೆಳಗ್ಗೆ ಒಂದು ಚಮಚ, ಸಂಜೆ ಒಂದು ಚಮಚ. ಊಟವಾದ ಮೇಲೆ ನಾನು ಹಾಲ್‌ನಲ್ಲಿ ಅತ್ತಿಂದಿತ್ತ ನಡೆಯುತ್ತೇನಲ್ಲ, ಅವನನ್ನೂ ನಡೆಸಿದೆ. ಬಟ್ಟಲಿದ್ದ ಜಾಗದ ನೆಲವನ್ನು ಅವನು ನೆಕ್ಕುತ್ತಿದ್ದ. ಪಥ್ಯ ಅಂದರೆ ಹೀಗೇ ಮಗನೇ, ನನಗೂ ಹೀಗೇ ಎಂದು ಸಮಾಧಾನ ಹೇಳಿದೆ.

ಮೂರನೆಯ ದಿನ ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ನೋಡುವಾಗ ಬಿದ್ದುಕೊಂಡಿದ್ದ. ಬಾಯಲ್ಲಿ ಜೊಲ್ಲು, ಕಾಲು ಸೆಟೆದು ನಡುಗುತ್ತಿತ್ತು, ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ತಲೆವಸ್ತ್ರದಲ್ಲಿ ಸುತ್ತಿಕೊಂಡು ಟ್ಯಾಕ್ಸಿ ಹಿಡಿದೆ. ಡ್ರೈವರ್ ಪಠಾಣ. ಮಡಿಲಲ್ಲಿರುವುದು ಮಗು ಅಂದುಕೊಂಡು ಯಲ್ಲಾ ಯಲ್ಲಾ ಎನ್ನುತ್ತ ಹಾರಿಸಿಕೊಂಡು ಹೋದ, ನಾನೂ ತಿದ್ದಲಿಲ್ಲ.

ಡಾಕ್ಟರು ಮಲಯಾಳಿ ಹುಡುಗಿ. ಬೆರಳಿಗೆ ಜೇನು ಹಚ್ಚಿ ಅವನ ಒಸಡಿಗೆ ಸವರಿದಳು, ಸೂಜಿ ಹಾಕಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿದ. ನಮ್ಮ ಬ್ಯಾರಿ ಭಾಷೆಗೆ ಹತ್ತಿರದ ಅವಳ ಮಾತು ನನಗೆ ನೇರವಾಗಿ ಅರ್ಥವಾಯಿತು. ನಮ್ಮ ಹಾಗೆ ಶುಗರ್ ಏರುವ ಕಾಯಿಲೆಯಲ್ಲವಂತೆ, ಇಳಿಯುವ ಕಾಯಿಲೆಯಂತೆ. ಹೊಟ್ಟೆಯೊಳಗೆ ಒಂದು ಸಣ್ಣ ಗಂಟು, ರಕ್ತದ ಸಕ್ಕರೆಯನ್ನೆಲ್ಲ ಅದು ಇಳಿಸಿಬಿಡುತ್ತದಂತೆ. ದಿನಾ ಸಿಹಿ ತಿಂದರೆ ಗಕ್ಕನೆ ಏರಿ ಇನ್ನೂ ಕೆಳಗೆ ಬೀಳುತ್ತದೆ, ಅದಕ್ಕೇ ಬೇಡ ಎಂದದ್ದು. ಸ್ವಲ್ಪ ಸ್ವಲ್ಪ ಎಂದರೆ ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡಬೇಕು ಎಂದು. ನಾನು ಅವನನ್ನು ಉಪವಾಸ ಕೆಡವಿದ್ದೆ.

ಈಗ ಹೊತ್ತಿಗೆ ಸರಿಯಾಗಿ ಕೋಳಿ ಮಾಂಸ ನುಣ್ಣಗೆ ಅರೆದು ಬೆರಳಲ್ಲಿ ತಿನ್ನಿಸುತ್ತೇನೆ. ತಿನ್ನುತ್ತಾನೆ, ನನ್ನ ಬೆರಳು ಹಿಡಿದುಕೊಂಡೇ ಮಲಗುತ್ತಾನೆ.

ಇನ್ನು ಕಾಗದ ಬರೆದ ಕಾರಣ. ಮೂರೇ ದಿನದಲ್ಲಿ ಶುಗರ್ ಇಷ್ಟು ಕೆಳಗೆ ಇಳಿದಿದೆಯೆಂದರೆ ಬರೀ ಹಸಿವಿನಿಂದಲ್ಲ, ಗಂಟು ಜೋರಾಗಿ ಬೆಳೆಯುತ್ತಿದೆ, ಬೇಗ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದಾಳೆ. ಬುಧವಾರ ಆಪರೇಷನ್. ಈ ನಿತ್ರಾಣದಲ್ಲಿ ಅರಿವಳಿಕೆಯಿಂದ ಏಳದೆಯೂ ಇರಬಹುದಂತೆ. ರೋಗ ನಿಧಾನದ್ದಾಗಿದ್ದರೆ ಔಷಧಿ, ಊಟದಲ್ಲೇ ಒಂದಷ್ಟು ತಿಂಗಳು ತಳ್ಳಬಹುದಿತ್ತಂತೆ. ಶಮೀರ್ ಆಗಲಿ ಎಂದು ಸಹಿ ಹಾಕಿ ಬಂದಿದ್ದಾನೆ. ನೀನು ಮಗುವಿನ ಪಾಸ್‌ಪೋರ್ಟ್ ಮಾಡಿಸಿಕೊಂಡು ಬರಲು ಇನ್ನೂ ಎರಡು ತಿಂಗಳಿದೆ. ಅವನು ನಿನ್ನವನು, ನಿನ್ನನ್ನು ಕೇಳದೆ ಇದು ಆಗಬಾರದು. ಬುಧವಾರದೊಳಗೆ ಶಮೀರನಿಗೆ ಫೋನ್ ಮಾಡು. ನನ್ನ ಮೇಲೆ ಸಿಟ್ಟಿದ್ದರೆ ಅದನ್ನೂ ಹೇಳು.

ಮಗುವಿಗೆ ಮುತ್ತು.

ನಿನ್ನ ಮಾಮಿ,
ಐಸಮ್ಮ

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಉಳಿಸಿದ್ದು: ಆ ಮೂರನೆಯ ದಿನ ಬೆಳಗ್ಗೆ ನನ್ನ ಶುಗರಿನ ಮಾತ್ರೆಯಲ್ಲಿ ಕಾಲು ಭಾಗ ಮುರಿದು, ಪುಡಿ ಮಾಡಿ, ಅವನ ಊಟಕ್ಕೆ ಬೆರೆಸಿದ್ದೆ. ಶುಗರ್ ಇಳಿಸುವ ಮಾತ್ರೆ. ಬೇರೆ ಏನಾದರೂ ಕೊಟ್ಟಿದ್ದೀರಾ ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದೆ, ಆಮೇಲೆ ಶಮೀರನಿಗೂ ಇಲ್ಲವೆಂದೆ. ಅಷ್ಟು ಕೆಳಗೆ ಇಳಿಸಿದ್ದು ಗಂಟಲ್ಲ, ನಾನಿರಬೇಕು. ಡಾಕ್ಟರಿಗೆ ಇದನ್ನು ಹೇಳಿ ಬುಧವಾರದ್ದನ್ನು ನಿಲ್ಲಿಸು. ನೀನು ಮತ್ತೆ ಶಾಲೆಯ ಕೆಲಸಕ್ಕೆ ಹೋಗುವಾಗ ಮಗುವನ್ನು ನಾನೇ ನೋಡಿಕೊಳ್ಳುವುದೆಂದು ಮಾತಾಗಿತ್ತಲ್ಲ, ಮಾತ್ರೆ ಕೊಟ್ಟ ಈ ಕೈಗೆ ಇನ್ನು ಮಗುವನ್ನು ಕೊಡಲಾರಿರಿ ಎಂದು ಹೆದರಿ ಸುಳ್ಳು ಹೇಳಿದೆ.