ಗೋಡೆ ಮುಗಿದ ಜಾಗ

ಶ್ರೀಪಾದ,

ನಾನು ಶಾಲೆಗೆ ಹೊರಟೆ. ನೀನು ಯಲ್ಲಾಪುರದಿಂದ ಬಂದವನೇ ಗಂಜಿ ಬಿಸಿ ಮಾಡಿ ಅಪ್ಪನಿಗೆ ಕೊಡು. ನಿನ್ನೆಯಿಂದ ಏನೂ ತಿಂದಿಲ್ಲ.

ರಸ್ತೆ ಅಗಲ ಮಾಡಲು ನಮ್ಮ ಸಾಲಿನ ಕೊನೆಯ ನಾಲ್ಕು ಮನೆಗೆ ಕೆಂಪು ಗುರುತು ಹಾಕಿ, ಮೊನ್ನೆ ಕೆಡವಿದರು. ಕಣ್ಣು ಹೋದ ಮೇಲೂ ಅಪ್ಪ ಆ ಗೋಡೆಗಳನ್ನು ಸವರಿಕೊಂಡೇ ಒಬ್ಬನೇ ಚಹಾದಂಗಡಿಗೆ ಹೋಗುತ್ತಿದ್ದನಲ್ಲ. ಕೆಡವಿದ್ದನ್ನು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನೆ ಸಂಜೆ ನಾನು ಬರುವಾಗ ನಡುರಸ್ತೆಯಲ್ಲಿ ಕೈ ಚಾಚಿ ನಿಂತಿದ್ದ. ಬಸ್ಸಿನವನು ಬೈಯುತ್ತಿದ್ದ.

"ಗೋಡೆ ಎಲ್ಲಿ ಹೋತು ಕೂಸೇ?" ಅಂದ.

ಮನೆಗೆ ಬಂದವನು, "ಎನ್ನ ಚಪ್ಪಲಿ ತೆಗೆದಿಡು. ಆನು ಇನ್ನು ಹೊರಗೆ ಹೋಗ್ತ್ನಿಲ್ಲೆ" ಅಂತ ಮಲಗಿಬಿಟ್ಟ.

ಇವತ್ತು ಬೆಳಿಗ್ಗೆ ನಮ್ಮ ಬಾಗಿಲ ಪಕ್ಕಕ್ಕೂ ಕೆಂಪು ಗುರುತು ಹಾಕಿ ಹೋದರು. ಅದನ್ನು ನೀನೇ ಹೇಳು. ನನ್ನಿಂದಾಗದು.

ಅಕ್ಕ