ಒಸ್ತಿ ಇಲ್ಲದ ಐದು ಶುಕ್ರವಾರ

ಫಹಾಹೀಲ್, ಕುವೈತ್
13 ನವೆಂಬರ್ 2025, ಗುರುವಾರ

ಪ್ರೀತಿಯ ರಮ್ಲಾ,

ನೀನೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಎರಡು ತಿಂಗಳು ಉತ್ತರ ಬರೆಯದ್ದಕ್ಕೆ ಬೈಯಬೇಡ. ಬೆರಳ ಗಂಟುಗಳು ಊದಿ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಸಣ್ಣ ಫ್ಲಾಟಿನಲ್ಲಿ ಎಲ್ಲರಿಗೂ ಕೇಳುತ್ತದೆ. ಪಕ್ಕದ ಫ್ಲಾಟಿನ ಮೇಬಲ್ ರಜೆಗೆ ಊರಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಈ ಕಾಗದ.

ನನ್ನ ಥೈರಾಯ್ಡ್ ಹಳೆಯದು, ಗಂಟುವಾತ ನಾಲ್ಕು ವರ್ಷದ್ದು. ಈಗ ಹೊಟ್ಟೆಯದ್ದೂ ಸೇರಿತು, ಗೋಧಿ ಮುಟ್ಟಬಾರದಂತೆ. ಗಂಟಿನ ಡಾಕ್ಟರು ಹೊಟ್ಟೆ ನನ್ನದಲ್ಲ ಅನ್ನುತ್ತಾರೆ. ಹೊಟ್ಟೆಯವರು ಥೈರಾಯ್ಡ್ ಕೇಳಲು ಬೇರೆ ಬಾಗಿಲಿಗೆ ಕಳಿಸುತ್ತಾರೆ. ಇರುವುದು ಒಂದೇ ಮೈ, ಫೈಲು ಮೂರು. ನಮ್ಮ ಕಡೆಯ ನರ್ಸ್ ಡೆಲ್ಮಾ ಮಾತ್ರ ಬಿಡಿಸಿ ಹೇಳಿದಳು: "ಮೂರಕ್ಕೂ ಬೇರು ಒಂದೇ ಆಂಟಿ. ಮೈ ಕಾಯುವ ಶಕ್ತಿಯೇ ತಿರುಗಿ ಮೈಗೆ ಹೊಡೀತದೆ."

ಚಪಾತಿ, ಇಲ್ಲಿಯ ರೊಟ್ಟಿ ಖುಬ್ಬೂಸ್ ಎಲ್ಲ ಬಿಟ್ಟೆ. ಆದರೂ ರಕ್ತಪರೀಕ್ಷೆ ಸರಿ ಬರಲಿಲ್ಲ. ಹೊಟ್ಟೆಯ ಡಾಕ್ಟರು ಸಿಟ್ಟಾದರು.

"ನಿಜ ಹೇಳಿ ಆಂಟಿ, ಕದ್ದು ಪರೋಟ ಹೊಡೀತೀರಾ?" ಎಂದಳು ಡೆಲ್ಮಾ.

"ಇಲ್ಲ ಮಾರಾಯ್ತಿ. ದಿನಾ ಇಗರ್ಜಿಯ ಪೂಜೆಗೆ ಹೋಗಿ ಒಸ್ತಿ ತಗೊಳ್ತೇನೆ, ಅಷ್ಟೇ."

"ಅದೂ ಗೋಧಿಯದ್ದೇ ಅಲ್ವಾ!"

ಪಾದ್ರಿಗಳು ನಾಲಗೆಯ ಮೇಲಿಡುವ ಆ ತೆಳು ರೊಟ್ಟಿ ನನಗೆ ದೇವರ ಶರೀರ, ರಮ್ಲಾ. ಅದರಲ್ಲಿ ಗೋಧಿ ಉಂಟೆಂದು ಹೊಳೆಯಲೇ ಇಲ್ಲ. ಗುಣವಾಗಲೆಂದು ತೆಗೆದುಕೊಂಡದ್ದೇ ನನ್ನನ್ನು ಕೆಡಿಸಿತಂತೆ. ಸಕ್ಕರೆ ಕಾಯಿಲೆಯಿಂದ ನೀನು ರಂಜಾನ್ ಉಪವಾಸ ಬಿಟ್ಟ ವರ್ಷ ಅತ್ತಾಗ, "ಇಷ್ಟಕ್ಕೆ ಯಾಕೆ ಅಳ್ತಿ" ಎಂದು ನಕ್ಕಿದ್ದೆ. ಕ್ಷಮಿಸು.

ಗೋಧಿ ತೀರಾ ಕಡಿಮೆ ಇರುವ ಒಸ್ತಿ ತರಿಸುತ್ತೇನೆಂದರು ಪಾದ್ರಿಗಳು. ಕೇಳಿದಾಗಲೆಲ್ಲ "ಮುಂದಿನ ವಾರ ಬರ್ತದೆ". ಇಲ್ಲಿ ರಜೆ ಶುಕ್ರವಾರ, ವಾರದ ದೊಡ್ಡ ಪೂಜೆಯೂ ಅಂದೇ. ಐದು ಶುಕ್ರವಾರದಿಂದ ಇಡೀ ಇಗರ್ಜಿ ಎದ್ದು ಸಾಲು ನಿಲ್ಲುವಾಗ ನಾನೊಬ್ಬಳೇ ಬೆಂಚಿನಲ್ಲಿ. ಹಾಗೆ ಕೂತವರು ದೊಡ್ಡ ಪಾಪ ಮಾಡಿದ್ದಾರೆಂದೇ ನಮ್ಮವರ ಲೆಕ್ಕ. ಹಿಂದಿನಿಂದ ಒಬ್ಬಳು, "ಈ ಪ್ರಾಯದಲ್ಲಿ ಇವರದ್ದೆಂಥ ಕತೆಯಪ್ಪಾ!" ಎಂದದ್ದು ಕೇಳಿತು. ಮೂರು ಫೈಲನ್ನೂ ಅವಳ ಮಡಿಲಿಗೆ ಎಸೆದುಬಿಡೋಣ ಅನಿಸಿತು.

ಇರಲಿ. ನಿನ್ನ ಮನೆಗೆ ಯಾವ ಸೀಕೂ ಹೊಗದಂತೆ ದೇವರು ಕಾಯಲಿ.

ನಿನ್ನ
ಮಗ್ದಲೀನ್

ಮತ್ತೊಂದು ಮಾತು. ಕಳೆದ ಶುಕ್ರವಾರ ಪೂಜೆ ಮುಗಿಸಿ ಬರುವಾಗ ಕಾರಿನಲ್ಲಿ ನನ್ನ ಗಂಡ ಫ್ರೆಡ್ರಿಕ್ ಕೇಳಿದರು, "ಒಸ್ತಿಯಿಂದ ಯಾರಿಗಾದ್ರೂ ಸೀಕು ಬರ್ತದಾ? ನನ್ನಿಂದ ಎಂಥ ಮುಚ್ಚಿಟ್ಟಿದ್ದಿ, ಹೇಳು." ಮದುವೆಯಾಗಿ ಇಪ್ಪತ್ತೇಳು ವರ್ಷ, ರಮ್ಲಾ. ನಾಳೆ ನಾನೂ ಸಾಲಿನಲ್ಲಿ ನಿಂತು ಅದೇ ಗೋಧಿಯ ಒಸ್ತಿ ತೆಗೆದುಕೊಳ್ಳುತ್ತೇನೆ. ದೇವರಿಗಾಗಿ ಅಲ್ಲ, ಅವರು ನೋಡಲೆಂದು.