ಗಂಗೊಳ್ಳಿಯ ಕೆಸರು ನನ್ನದು

ಕಾಕಾ,

ನೀವು ಹೋಗಿ ಒಂದು ವರ್ಷವಾಯಿತು, ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಸತ್ತವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ ಕಾಕು. ಬದುಕಿದ್ದಾಗ ನೀವು ಜಗಳಕ್ಕೆ ಕೈಗೇ ಸಿಗುತ್ತಿರಲಿಲ್ಲ. ಈಗಲಾದರೂ ಕೂತು ಕೇಳಿ.

ನನಗೆ ಹನ್ನೆರಡು ವರ್ಷವಿದ್ದಾಗ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮೊದಲ ಸಲ ಹಾಯಿಯ ಹಗ್ಗ ಕೈಗೆ ಕೊಟ್ಟಿರಿ. ನಾಂಪಲ್ಲಿಯ ಕಚೇರಿಯಲ್ಲಿ ವಾರವಿಡೀ ಫೈಲು ನೋಡಿ, ಭಾನುವಾರ ಕೆರೆಗೆ ಓಡುವ ಗುಮಾಸ್ತ ನೀವು. ರಾಯಚೂರಿನ ಬಿಸಿಲಲ್ಲಿ ಹುಟ್ಟಿದವನಿಗೆ ನೀರಿನ ಹುಚ್ಚು ಎಲ್ಲಿಂದ ಬಂತೆಂದು ಮನೆಯವರೆಲ್ಲ ನಗುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಹುಚ್ಚೇ ಕೆಲಸವಾಯಿತು. ಯಾರೋ ಕೊಂಡ ಹಾಯಿದೋಣಿಯನ್ನು ಮುಂಬೈಯಿಂದ ಗೋವೆಗೆ, ಗೋವೆಯಿಂದ ಕೊಚ್ಚಿಗೆ, ಅಲ್ಲಿಂದ ಒಳನಾಡಿನ ಕಾಲುವೆಗಳ ದಾರಿಯಲ್ಲಿ ಕೊಲ್ಲಂಗೆ ನಡೆಸಿಕೊಂಡು ಹೋಗಿ ಒಪ್ಪಿಸುವುದು. ಹತ್ತು ಹದಿನೈದು ದಿನ ಆ ದೋಣಿ ನಿಮ್ಮದು. ಬೀಗದ ಕೈ ಕೊಟ್ಟ ಮೇಲೆ ತಿರುಗಿ ನೋಡಬಾರದು ಎಂದು ನನಗೆ ಬುದ್ಧಿ ಹೇಳಿ, ನೀವೇ ಮೂರು ಸಲ ನೋಡುತ್ತಿದ್ದಿರಿ.

ಗಂಗೊಳ್ಳಿಯ ಆ ಮಧ್ಯಾಹ್ನ ನೆನಪಿದೆಯಲ್ಲ? ಮುಂಬೈಯ ಒಬ್ಬರ ದೋಣಿ, ನಾವಿಬ್ಬರೇ ಕೊಚ್ಚಿಗೆ ಹೊರಟಿದ್ದೆವು. ಒಂದೂವರೆ ದಿನ ನಿದ್ದೆಯಿಲ್ಲದೆ ಚುಕ್ಕಾಣಿ ಹಿಡಿದಿದ್ದ ನೀವು, ಹೊಳೆಯ ಬಾಯಿಯೊಳಗೆ ಬಂದ ಕೂಡಲೇ, ಉಬ್ಬರ ಇಳಿತದ ಪಟ್ಟಿ ನೋಡಿ ಲಂಗರು ಹಾಕೆಂದು ನನಗೆ ಹೇಳಿ ಮಲಗಿದಿರಿ. ನಾನು ಪಟ್ಟಿ ತೆರೆಯಲೇ ಇಲ್ಲ. ಆಳ ಅಳೆದೆ, ಸಾಕಷ್ಟು ನೀರಿತ್ತು, ಹಾಕಿಬಿಟ್ಟೆ. ಕೆರೆಯಲ್ಲಿ ಕಲಿತವಳು ನಾನು. ಹುಸೇನ್ ಸಾಗರದ ನೀರು ಬೆಳಿಗ್ಗೆ ಇದ್ದಲ್ಲೇ ಸಂಜೆಯೂ ಇರುತ್ತದೆ. ಸಮುದ್ರ ದಿನಕ್ಕೆರಡು ಸಲ ಏರಿಳಿಯುವುದು ಪುಸ್ತಕ ಓದಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಸಂಜೆಗೆ ದೋಣಿ ಎಮ್ಮೆಯ ಹಾಗೆ ಕೆಸರಿನಲ್ಲಿ ಮಗ್ಗುಲಾಗಿ ಮಲಗಿತ್ತು, ಚುಕ್ಕಾಣಿ ಮುರಿದಿತ್ತು. ದಡದಲ್ಲಿದ್ದ ಮೀನುಗಾರರು ಯಾವ ಊರು ಎಂದು ಕೇಳಿದರು. ಹೈದರಾಬಾದ್ ಅಂದಿರಿ. ಅಲ್ಲಿ ಸಮುದ್ರ ಇದೆಯಾ ಅಂದರು. "ಕೆರಿ ಐತ್ರಿ, ಭಾಳ ದೊಡ್ಡದೈತಿ" ಎಂದು ನೀವು... ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅಷ್ಟು ಜಂಬ ಯಾರಿಗಾದರೂ ಬರುತ್ತದೆಯೇ?

ಆಮೇಲೆ ಮಾಡಿದ್ದನ್ನು ಮಾತ್ರ ಕ್ಷಮಿಸಿಲ್ಲ. ದೋಣಿಯ ದಿನಚರಿ ಪುಸ್ತಕದಲ್ಲಿ, ಲಂಗರು ಹಾಕಿದವನು ನಾನೇ ಎಂದು ನಿಮ್ಮ ಹೆಸರು ಬರೆದಿರಿ. ನಾನು ಪೆನ್ನು ಕಸಿದುಕೊಳ್ಳಲು ಹೋದೆ. "ನಿಂದು ಇನ್ನಾ ಶುರು ಐತಿ, ನಂದು ಮುಗ್ಯಾಕ ಬಂದೈತಿ. ಸುಮ್ನ ಕುಂದ್ರು" ಎಂದಿರಿ. ಕೂತೆ. ಯಾಕೆ ಕೂತೆ? ಈ ಕಸುಬಿನಲ್ಲಿರುವವರು ಬೆರಳೆಣಿಕೆಯಷ್ಟು ಜನ, ಸುದ್ದಿ ಬಂದರಿನಿಂದ ಬಂದರಿಗೆ ಹಬ್ಬಿತು. ನಿಮಗೆ ಮತ್ತೊಂದು ದೋಣಿ ಸಿಗಲಿಲ್ಲ. ಹಿಮಾಯತ್‌ನಗರದ ಮನೆಯ ಬಾಲ್ಕನಿಯಲ್ಲಿ ಕೂತು, ಗಾಳಿ ಯಾವ ಕಡೆಯಿಂದ ಎಂದು ಲೆಕ್ಕ ಹಾಕುತ್ತಾ ನೀವು ಕಳೆದ ಆ ಎರಡು ವರ್ಷ... ನಾನು ದಿನಾ ನೋಡಿದೆ.

ನಿಮ್ಮ ಹದಿಮೂರನೆಯ ದಿನ ಕೆರೆಯ ಗೆಳೆಯರೆಲ್ಲ ಊಟಕ್ಕೆ ಬಂದಿದ್ದರು. ಒಬ್ಬರು ಪ್ರೀತಿಯಿಂದಲೇ ಆ ಕಥೆ ಎತ್ತಿದರು. ಇಡೀ ಆಯುಷ್ಯ ದೋಣಿ ನಡೆಸಿದ ಮನುಷ್ಯ ಕಡೆಗೆ ಇಳಿತವನ್ನೇ ಮರೆತ ಅಂದರು, ಎಲ್ಲರೂ ನಕ್ಕರು. ಹೋಳಿಗೆ ಬಡಿಸುತ್ತಿದ್ದ ನಾನು ಮುಂದಿನ ಎಲೆಗೆ ಹೋದೆ. ಅಡುಗೆಮನೆಗೆ ಬಂದು ಕಾಕುವಿಗೆ ಎಲ್ಲ ಹೇಳಿದೆ. "ತಪ್ಪು ಅವ್ರು ತಾವಾಗೇ ಹೊತ್ಕೊಂಡಾರ. ನೀ ಹೇಳಿದ್ರ ಅವ್ರ ಮಾತು ಸುಳ್ಳಾಗ್ತೈತಿ" ಅಂದರು. ಆಗಲಿ. ಸುಳ್ಳೇ ಅಲ್ಲವೇ ಅದು?

ಹೋದ ತಿಂಗಳು ಬೇಗಂಪೇಟೆಯಲ್ಲಿರುವ ನಮ್ಮ ಕಡೆಯವರೊಬ್ಬರು ಕರೆಸಿದರು. ಅವರ ದೋಣಿ ಗೋವೆಯಿಂದ ಕೊಲ್ಲಂಗೆ ಹೋಗಬೇಕು, ಮೊದಲ ಸಲ ನಾನೇ ನಾಯಕಿ. ಚಹಾ ಕೊಟ್ಟು, ಕಾಕನ ಹಾಗೆ ಕೆಸರಿಗೆ ಹಾಕುವುದಿಲ್ಲ ತಾನೇ ಎಂದು ನಕ್ಕರು. ನಾನೂ ನಕ್ಕುಬಿಟ್ಟಿದ್ದರೆ ಮಾತು ಮುಗಿಯುತ್ತಿತ್ತು.

"ಹಾಕಿದ್ದು ಅವರಲ್ರಿ, ನಾನು. ಅವ್ರು ಮಲ್ಕೊಂಡಿದ್ರು" ಎಂದೆ.

ವಿಚಾರ ಮಾಡಿ ತಿಳಿಸುತ್ತೇನೆ ಎಂದರು. ನಾಲ್ಕನೆಯ ದಿನ ದೋಣಿ ನಡೆಸುವ ಕೆಲಸ ಬೇರೊಬ್ಬರ ಪಾಲಾಯಿತು. ನೀವಿದ್ದರೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದಿರಿ. ನನಗೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ಆದರೂ ಭಾನುವಾರ ಕೆರೆಗೆ ಹೋಗಿ, ನಿಮ್ಮ ಗೆಳೆಯರೆಲ್ಲರ ಎದುರು ಮತ್ತೆ ಅದನ್ನೇ ಹೇಳಿದೆ. ಹದಿಮೂರನೆಯ ದಿನ ಕಥೆ ಎತ್ತಿದವರು ಎದ್ದು ಹೋಗಿ ನೀರಿನ ಕಡೆ ಮುಖ ಮಾಡಿ ನಿಂತರು.

ನಿನ್ನೆ, ಆ ದೋಣಿ ಸಿಕ್ಕ ನಾಯಕನೇ ಫೋನು ಮಾಡಿ ಕೈಕೆಳಗೆ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದ. ಅಡುಗೆ, ಪಾತ್ರೆ, ಸರದಿಯ ಕಾವಲು. ಬರುತ್ತೇನೆ ಎಂದೆ. ಕೆಳಗಿನಿಂದ ಶುರು ಮಾಡಲು ನನಗೇನೂ ನಾಚಿಕೆಯಿಲ್ಲ. ನಿಮಗೆ ಸಿಟ್ಟು ಬಂದರೆ ಬರಲಿ. ಆ ತಪ್ಪು ನನ್ನದು ಕಾಕಾ, ಇನ್ನು ನಿಮಗೆ ಕೊಡುವುದಿಲ್ಲ.

ನಿಮ್ಮ ವಸು